ಮಂಕಾದ, ಗೀರು ಬಿದ್ದ ಬೋಟಿನ ಮೈ: ಉಜ್ಜುವ ಮೊದಲು ದೋಷ ಗುರುತಿಸಿ

ಬೋಟಿನ ಹೊಳಪು ಹೋಗಿದೆ ಅನ್ನಿಸಿದ ತಕ್ಷಣ ಕೈ ಕಾಂಪೌಂಡ್ (ಮೇಲ್ಮೈಯನ್ನು ತುಸು ಸವೆಸಿ ಹೊಳಪು ತರುವ ಪೇಸ್ಟ್) ಡಬ್ಬಿಯ ಕಡೆ ಹೋಗುತ್ತದೆ. ನಾನೂ ಹಾಗೇ ಮಾಡಿದ್ದೆ. ಕಡು ನೀಲಿ ಬಣ್ಣದ ಒಂದು ಹಳೇ ಫೈಬರ್ ಬೋಟನ್ನು ಎರಡು ದಿನ ಬಿಡದೆ ಬಫ್ ಮಾಡಿದೆ, ಅಂದರೆ ಪ್ಯಾಡ್ ತಿರುಗುವ ಮೆಷಿನ್ನಿನಿಂದ ಉಜ್ಜಿದೆ. ಮುಗಿಸಿ ನೋಡಿದರೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಐದು ವಾರ ಕಳೆಯುವುದರೊಳಗೆ ಅದೇ ಬಿಳಿ ಮಂಕು ವಾಪಸ್ ಬಂತು. ಮತ್ತೆ ಬಫ್ ಮಾಡಿದೆ, ಮತ್ತೆ ಮಂಕಾಯಿತು. ಮೂರನೇ ಸಲ ಒಂದು ಅಂಚಿನಲ್ಲಿ ಬಣ್ಣವೇ ಸವೆದು ಒಳಗಿನ ಗಾಜಿನ ನಾರು ಕಂಡಿತು. ಆಗ ಮೆಷಿನ್ ಕೆಳಗಿಟ್ಟೆ. ಈ ಬೋಟಿಗೆ ನಿಜವಾಗಿ ಏನಾಗಿದೆ ಅಂತ ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ.

ಮಂಕು ಅನ್ನುವುದು ಒಂದೇ ದೋಷ ಅಲ್ಲ. ಬಿಸಿಲಿಗೆ ಹಾಳಾದ ಮೇಲ್ಪದರ, ಹಳೇ ವ್ಯಾಕ್ಸಿನ ಕೊಳೆ, ನೀರಿನ ಕಲೆ, ಸಣ್ಣ ಗೀರುಗಳ ಜಾಲ, ಮೊದಲು ಯಾರೋ ತಪ್ಪಾಗಿ ಬಫ್ ಮಾಡಿದ ಗುರುತು, ಇವೆಲ್ಲ ಹತ್ತು ಅಡಿ ದೂರದಿಂದ ಒಂದೇ ಥರ ಕಾಣುತ್ತವೆ. ಆದರೆ ಮದ್ದು ಬೇರೆ ಬೇರೆ. ತಪ್ಪು ಮದ್ದು ಹಾಕಿದರೆ ಪದರ ಸವೆಯುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಉಜ್ಜುವುದಕ್ಕಿಂತ ನೋಡುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಫೈಬರ್ ಗ್ಲಾಸ್ ಬೋಟುಗಳ ಬಗ್ಗೆ. ಮರದ ಬೋಟಿನ ವಾರ್ನಿಷ್ ಬೇರೆಯೇ ವಿಷಯ.

ಮೇಲಿರುವುದು ಜೆಲ್‌ಕೋಟಾ, ಪೇಂಟಾ?

ಫೈಬರ್ ಬೋಟು ತಯಾರಾಗುವುದು ಹೊರಗಿನಿಂದ ಒಳಕ್ಕೆ. ಮೊದಲು ನುಣುಪಾದ ಅಚ್ಚಿನೊಳಗೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಸ್ಪ್ರೇ ಮಾಡುತ್ತಾರೆ. ಅದೇ ಜೆಲ್‌ಕೋಟ್. ಅದರ ಹಿಂದೆ ಗಾಜಿನ ನಾರು ಮತ್ತು ರಾಳದ ಪದರಗಳನ್ನು ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಬೋಟು ಹೊಳೆಯುತ್ತಲೇ ಹೊರಗೆ ಬರುತ್ತದೆ. ಅಂದರೆ ಆ ಹೊಳಪು ಯಾರೂ ಹಚ್ಚಿದ್ದಲ್ಲ, ಅಚ್ಚಿನ ನುಣುಪು ಮೈಗೆ ಇಳಿದಿದ್ದು. ಈ ಜೆಲ್‌ಕೋಟ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ. ಅಂಚು, ಮೂಲೆಗಳಲ್ಲಿ ಇನ್ನೂ ತೆಳು ಇರಬಹುದು. ನಿಮ್ಮ ಹತ್ತಿರ ಇರುವ ಬಂಡವಾಳ ಇಷ್ಟೇ. ಹಿಂದಿನ ಮಾಲೀಕರು ಅದರಲ್ಲಿ ಎಷ್ಟು ಖರ್ಚು ಮಾಡಿದ್ದಾರೋ ಗೊತ್ತಿಲ್ಲ.

ಹಳೇ ಬೋಟಿಗೆ ಜೆಲ್‌ಕೋಟಿನ ಮೇಲೆ ಪೇಂಟ್ ಹೊಡೆದಿರುವುದೂ ಉಂಟು. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಪೇಂಟ್ ನೋಡುವುದಕ್ಕೆ ಜೆಲ್‌ಕೋಟಿಗಿಂತ ಚೆಂದ. ಆದರೆ ತುಂಬಾ ತೆಳು, ಎಷ್ಟೋ ಕಡೆ 0.1 ಮಿಲಿಮೀಟರ್ ಕೂಡ ಇರುವುದಿಲ್ಲ. ಅದರ ಹೊಳಪು ಮತ್ತು ಬಾಳಿಕೆ ಎರಡೂ ಮೇಲಿನ ಪದರದಲ್ಲೇ ಇರುತ್ತವೆ. ಒರಟು ಕಾಂಪೌಂಡ್ ಹಾಕಿ ಉಜ್ಜಿದರೆ ಒಂದು ವಾರ ಹೊಳೆದು, ಆಮೇಲೆ ಮೊದಲಿಗಿಂತ ಬೇಗ ಮಾಸುತ್ತದೆ.

ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಚಕ್ಕೆ ಎದ್ದ ಜಾಗ ಹುಡುಕಿ, ಭೂತಗನ್ನಡಿಯಲ್ಲಿ ನೋಡಿ. ಬಣ್ಣದ ಕೆಳಗೆ ಬೇರೆ ಬಣ್ಣದ ಪ್ರೈಮರ್ ಕಂಡರೆ ಅದು ಪೇಂಟ್. ಒಂದೇ ಬಣ್ಣದ ದಪ್ಪ ಪದರ, ಅದರ ಕೆಳಗೆ ನೇರವಾಗಿ ನಾರು ಇದ್ದರೆ ಜೆಲ್‌ಕೋಟ್. ಚಕ್ಕೆ ಎದ್ದ ಜಾಗ ಇಲ್ಲದಿದ್ದರೆ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಮೇಲ್ಮೈ ಮೆತ್ತಗಾಗಿ ಬಣ್ಣ ಬಟ್ಟೆಗೆ ಬಂದರೆ ಒಂದೇ ಡಬ್ಬಿಯ ಸಾಧಾರಣ ಪೇಂಟ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಿಸಿಲಿಗೆ ಪುಡಿಯಾದ ಜೆಲ್‌ಕೋಟ್ ಕೂಡ ಬಟ್ಟೆಗೆ ಬಣ್ಣ ಬಿಡುತ್ತದೆ. ಹಾಗಾಗಿ ಆ ಮೂಲೆಯನ್ನು ಮೊದಲು ಸ್ವಲ್ಪ ಕಾಂಪೌಂಡಿನಿಂದ ಚೊಕ್ಕ ಮಾಡಿ, ಆಮೇಲೆ ಪರೀಕ್ಷೆ ಮಾಡಿ.

ತೊಳೆಯಿರಿ, ಮುಟ್ಟಿ, ನೀರು ಹಾಕಿ ನೋಡಿ

ಮೊದಲ ಕೆಲಸ ಸೋಪು ನೀರಿನ ಸ್ನಾನ. ಧೂಳು ಮತ್ತು ಉಪ್ಪು ಇರುವ ಮೈಯನ್ನು ಒಣ ಬಟ್ಟೆಯಿಂದ ಒರೆಸಿದರೆ ಹೊಸ ಗೀರುಗಳು ನೀವೇ ಹಾಕಿದಂತೆ. ತೊಳೆಯುವಾಗಲೇ ಒಂದು ಸುಳಿವು ಸಿಗುತ್ತದೆ. ನೀರು ಮಣಿಮಣಿಯಾಗಿ ನಿಂತರೆ ಮೇಲೆ ವ್ಯಾಕ್ಸ್ ಇದೆ. ವ್ಯಾಕ್ಸ್ ಇದ್ದೂ ಮಂಕಾಗಿದ್ದರೆ, ಪದರದ ಮೇಲೆ ಪದರ ಕೂತ ಹಳೇ ವ್ಯಾಕ್ಸೇ ಹಳದಿಯಾಗಿರಬಹುದು. ವ್ಯಾಕ್ಸ್ ತೆಗೆಯುವ ದ್ರಾವಣ ಹಾಕಿ, ಬಟ್ಟೆ ಬದಲಿಸುತ್ತಾ ಒರೆಸಿ ನೋಡಿ. ಒಂದೇ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ವ್ಯಾಕ್ಸ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೇ. ಇಷ್ಟರಲ್ಲೇ ಹೊಳಪು ಬಂದುಬಿಟ್ಟ ಬೋಟುಗಳನ್ನು ನೋಡಿದ್ದೇನೆ.

ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒತ್ತಿ ಉಜ್ಜಿ. ಬಟ್ಟೆಯ ಮೇಲೆ ಸುಣ್ಣದಂಥ ಪುಡಿ ಬಂದರೆ ಅದು ಆಕ್ಸಿಡೇಶನ್. ಬಿಸಿಲಿನ ಅತಿನೇರಳೆ ಕಿರಣಗಳು ರಾಳವನ್ನು ಒಡೆದು ಹಾಕಿವೆ, ಹಿಡಿತ ತಪ್ಪಿದ ಬಣ್ಣದ ಕಣಗಳು ಪುಡಿಯಾಗಿ ಕೂತಿವೆ. ಪುಡಿ ಬರದೆ ಮಂಕು ಮಾತ್ರ ಇದ್ದರೆ ಸಣ್ಣ ಗೀರುಗಳ ಜಾಲವೋ ಹಳೇ ಬಫಿಂಗ್ ಗುರುತೋ ಇರಬೇಕು.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಮಂಕಾದ ಜಾಗಕ್ಕೆ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ನೋಡಿ. ಬಣ್ಣ ಗಾಢವಾಗಿ, ಹೊಸದರ ಥರ ಕಂಡಿತಾ? ಹಾಗಾದರೆ ಕೆಳಗಿನ ಬಣ್ಣ ಇನ್ನೂ ಚೆನ್ನಾಗಿದೆ. ಮೇಲ್ಮೈ ಒರಟಾಗಿದ್ದರಿಂದ ಬೆಳಕು ಚೆದುರಿ ಬೆಳ್ಳಗೆ ಕಾಣುತ್ತಿತ್ತು. ನೀರು ಆ ಸಣ್ಣ ಗುಳಿಗಳನ್ನು ತುಂಬಿದ್ದಕ್ಕೆ ಬಣ್ಣ ಕಂಡಿತು. ಒದ್ದೆಯಾದಾಗ ಕಂಡ ಬಣ್ಣವೇ ಸರಿಯಾಗಿ ಕೆಲಸ ಮಾಡಿದರೆ ನಿಮಗೆ ಸಿಗುವ ಬಣ್ಣ. ಒದ್ದೆಯಾದರೂ ಮಾಸಿದ ಹಾಗೇ ಇದ್ದರೆ ಬಣ್ಣದ ಕಣಗಳೇ ಬಿಸಿಲಿಗೆ ಬಿಳಚಿವೆ. ಅದು ಎಷ್ಟು ಆಳಕ್ಕೆ ಇಳಿದಿದೆ ಅಂತ ಉಜ್ಜಿಯೇ ನೋಡಬೇಕು. ಕೊನೆಗೆ ಪೇಂಟೇ ದಾರಿ ಆಗಬಹುದು.

ನೀರಿನ ಮಟ್ಟದಲ್ಲಿ ಕಂದು-ಹಳದಿ ಪಟ್ಟಿ ಇದ್ದರೆ ಅದು ಮಂಕಲ್ಲ, ಕಲೆ. ನೀರಿನಲ್ಲಿರುವ ಎಲೆ-ತೊಗಟೆಯ ರಸ, ಕಬ್ಬಿಣದ ಅಂಶ ಜೆಲ್‌ಕೋಟಿಗೆ ಇಳಿದಿರುತ್ತವೆ. ಇದನ್ನು ಉಜ್ಜಬೇಡಿ. ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರ್ ಹಚ್ಚಿ, ಕೆಲವು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದರೆ ತಾನಾಗೇ ಹೋಗುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಟ್ರೈಲರ್‌ನ ಸತು ಲೇಪಿಸಿದ ಕಬ್ಬಿಣದ ಮೇಲೆ ಅದು ಸುರಿಯದಂತೆ ನೋಡಿಕೊಳ್ಳಿ.

ಎಷ್ಟು ಉಜ್ಜಬೇಕು ಅನ್ನುವುದು

ಮಂಕು ಆಕ್ಸಿಡೇಶನ್‌ನಿಂದಲೇ ಅಂತ ಖಾತ್ರಿಯಾದ ಮೇಲೂ ಇಡೀ ಬೋಟಿಗೆ ಕೈ ಹಾಕಬೇಡಿ. ಹಿಂಭಾಗದಲ್ಲಿ ಒಂದು ಅಡಿ ಅಗಲದ ಚೌಕಕ್ಕೆ ಟೇಪ್ ಹಚ್ಚಿ. ಅದರೊಳಗೆ ಎಲ್ಲಕ್ಕಿಂತ ಮೃದುವಾದ ಮದ್ದಿನಿಂದ ಶುರು ಮಾಡಿ. ಮೊದಲು ಬರೀ ಪಾಲಿಶ್. ಸಾಲದಿದ್ದರೆ ಕಾಂಪೌಂಡ್. ಅದೂ ಸಾಲದಿದ್ದರೆ 1500 ನಂಬರ್ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ, ನಂಬರ್ ಕಡಿಮೆಯಾದಷ್ಟೂ ಒರಟು), ಆಮೇಲೆ ಕಾಂಪೌಂಡ್. ಇನ್ನೂ ಆಗದಿದ್ದರೆ 1000, ಕೊನೆಗೆ 800. ಯಾವ ಹಂತದಲ್ಲಿ ಹೊಳಪು ಬಂತೋ ಅಲ್ಲಿಗೆ ನಿಲ್ಲಿಸಿ. ಇಡೀ ಬೋಟಿಗೆ ಅದೇ ಸಾಕು. ಈ ಚೌಕಕ್ಕೆ ಒಂದು ಗಂಟೆ ಹಿಡಿಯುತ್ತದೆ, ಉಳಿಯುವುದು ದಿನಗಟ್ಟಲೆ ಕೆಲಸ ಮತ್ತು ಅಷ್ಟು ಜೆಲ್‌ಕೋಟ್.

ಚೌಕ ಹೊಳೆದ ತಕ್ಷಣ ನಂಬಬೇಡಿ. ನಾನು ಮೋಸ ಹೋಗಿದ್ದು ಇಲ್ಲೇ. ಕಾಂಪೌಂಡಿನಲ್ಲಿ, ಪಾಲಿಶ್‌ನಲ್ಲಿ ಎಣ್ಣೆ ಇರುತ್ತದೆ. ಆಕ್ಸಿಡೇಶನ್ ಆದ ಮೈ ಸ್ಪಂಜಿನ ಹಾಗೆ ಆ ಎಣ್ಣೆ ಕುಡಿಯುತ್ತದೆ. ಆಗ ಒದ್ದೆ ಮಾಡಿದಾಗ ಕಂಡ ಬಣ್ಣವೇ ಕಾಣುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಎಣ್ಣೆ ಆರಿ, ಮಳೆಗೆ ತೊಳೆದುಹೋದ ಮೇಲೆ ಹಳೇ ಮಂಕು ಹಾಗೇ ಎದುರಿಗೆ ಬಂದು ನಿಲ್ಲುತ್ತದೆ. ಇದನ್ನು ತಪ್ಪಿಸುವುದು ಸುಲಭ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಅರ್ಧಕ್ಕರ್ಧ ಬೆರೆಸಿ ಆ ಚೌಕ ಒರೆಸಿ. ಒರೆಸಿದ ಮೇಲೂ ಹೊಳಪು ನಿಂತರೆ ಅದು ನಿಜವಾದ ಹೊಳಪು. ಮಬ್ಬಾದರೆ ಸತ್ತ ಪದರ ಇನ್ನೂ ಅಲ್ಲೇ ಇದೆ, ಒಂದು ಹಂತ ಒರಟು ಕಾಗದಕ್ಕೆ ಹೋಗಬೇಕು. ನನ್ನ ನೀಲಿ ಬೋಟಿಗೆ 1000 ನಂಬರ್ ಕಾಗದ ಬೇಕಿತ್ತು. ನಾನು ಕಾಂಪೌಂಡಿನಿಂದ ಮೂರು ಸಲ ಎಣ್ಣೆ ಕುಡಿಸಿದ್ದೆ.

ವಾಟರ್ ಪೇಪರ್ ಹಿಡಿದರೆ ಇಷ್ಟು ನೆನಪಿಡಿ. ಕಾಗದವನ್ನು ಮೊದಲೇ ನೀರಿನಲ್ಲಿ ನೆನೆಸಿ, ಬಕೆಟ್ಟಿಗೆ ಒಂದೆರಡು ಹನಿ ಸೋಪು ಹಾಕಿ. ಬೆರಳಿನಿಂದ ಒತ್ತಬೇಡಿ, ರಬ್ಬರ್ ತುಂಡಿಗೆ ಸುತ್ತಿ ಉಜ್ಜಿ. ಬೆರಳಿನಿಂದ ಉಜ್ಜಿದರೆ ಬೆರಳಿನಗಲದ ತಗ್ಗುಗಳೇ ಬೀಳುತ್ತವೆ, ಹೊಳಪು ಬಂದ ಮೇಲೆ ಅವು ಅಲೆಅಲೆಯಾಗಿ ಕಾಣುತ್ತವೆ. 1000 ನಂಬರಿನಲ್ಲಿ ಅಡ್ಡಕ್ಕೆ ಉಜ್ಜಿದರೆ 1500ರಲ್ಲಿ ಉದ್ದಕ್ಕೆ ಉಜ್ಜಿ. ಹಿಂದಿನ ಕಾಗದದ ಗೆರೆಗಳು ಪೂರ್ತಿ ಹೋಗಿವೆಯಾ ಇಲ್ಲವಾ ಅಂತ ಆಗ ಕಣ್ಣಿಗೆ ಕಾಣುತ್ತದೆ. ಹೋಗದೆ ಮುಂದಿನ ನಂಬರಿಗೆ ಹೋಗಬೇಡಿ. ಆಮೇಲೆ ಎಷ್ಟು ಬಫ್ ಮಾಡಿದರೂ ಆ ಗೆರೆ ಹೋಗುವುದಿಲ್ಲ.

ಉಜ್ಜುವಾಗ ನೀರಿನ ಬಣ್ಣ ನೋಡುತ್ತಿರಿ. ಮೊದಲು ಹಾಲಿನಂತೆ ಬೆಳ್ಳಗಿರುತ್ತದೆ, ಆರೋಗ್ಯವಾದ ಪದರ ಬಂದಾಗ ಬೋಟಿನ ನಿಜವಾದ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಬೋಟಿಗೆ ಈ ಸುಳಿವು ಸಿಗುವುದಿಲ್ಲ, ಅಲ್ಲಿ ಕೈಗೆ ಸಿಗುವ ನುಣುಪೇ ಗತಿ. ಬಣ್ಣದೊಳಗಿಂದ ನೆರಳಿನಂತೆ ಗಾಢ ಮಚ್ಚೆ ಅಥವಾ ನೇಯ್ಗೆಯ ಗುರುತು ಕಾಣತೊಡಗಿದರೆ ತಕ್ಷಣ ನಿಲ್ಲಿಸಿ. ಜೆಲ್‌ಕೋಟ್ ಮುಗಿಯುತ್ತಾ ಬಂದಿದೆ.

ಗೀರು: ಉಗುರಿನಿಂದ ಅಳೆಯಿರಿ

ಮೊದಲು ಅದು ಗೀರೇ ಹೌದಾ ಅಂತ ನೋಡಿ. ಕಟ್ಟೆಗೆ ತಾಗಿದಾಗ, ಫೆಂಡರ್ (ಬೋಟಿನ ಬದಿಗೆ ತೂಗುಹಾಕುವ ಮೆತ್ತೆ) ಉಜ್ಜಿದಾಗ ಬೀಳುವ ಕಪ್ಪು ಗೆರೆಗಳು ಎಷ್ಟೋ ಸಲ ಮೈಗೆ ಅಂಟಿಕೊಂಡ ರಬ್ಬರ್ ಅಥವಾ ಇನ್ನೊಂದು ಬೋಟಿನ ಪೇಂಟ್. ಅಲ್ಲಿ ಏನೂ ಕಿತ್ತುಹೋಗಿಲ್ಲ, ಮೇಲೆ ಕೂತಿದೆ ಅಷ್ಟೇ. ಜೆಲ್‌ಕೋಟ್ ಆದರೆ ಅಸಿಟೋನ್ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹೋಗುತ್ತದೆ.

ನಿಜವಾದ ಗೀರಾದರೆ ಅದರ ಮೇಲೆ ಅಡ್ಡಡ್ಡ ಉಗುರು ಎಳೆಯಿರಿ. ಉಗುರಿಗೆ ಸಿಗದೆ ಜಾರಿದರೆ ಕಾಂಪೌಂಡ್ ಸಾಕು. ಸ್ವಲ್ಪ ತಡೆದು ದಾಟಿದರೆ 1000 ಇಲ್ಲವೇ 800 ಕಾಗದದಿಂದ ಸುತ್ತಲಿನ ಜಾಗವನ್ನೂ ಸೇರಿಸಿ ಇಳಿಜಾರಾಗಿ ಉಜ್ಜಿ ತೆಗೆಯಬಹುದು. ಉಗುರು ಸಿಕ್ಕಿಕೊಂಡು ನಿಂತರೆ ಉಜ್ಜಿ ತೆಗೆಯುವ ಆಸೆ ಬಿಡಿ. ಆ ಗೀರಿನ ತಳ ಮುಟ್ಟುವಷ್ಟರಲ್ಲಿ ಸುತ್ತ ಜೆಲ್‌ಕೋಟೇ ಇರುವುದಿಲ್ಲ. ಅದನ್ನು ತುಂಬಬೇಕು.

ತುಂಬುವುದಕ್ಕೆ ಮುಂಚೆ ಅಕ್ಕಪಕ್ಕದ ಮೈಯನ್ನು ಹೊಳಪಿಗೆ ತನ್ನಿ. ಮಾಸಿದ ಬಣ್ಣಕ್ಕೆ ಹೊಂದಿಸಿ ಜೆಲ್‌ಕೋಟ್ ಬೆರೆಸಿದರೆ, ಆಮೇಲೆ ಪಾಲಿಶ್ ಮಾಡಿದಾಗ ಬೋಟು ಗಾಢವಾಗುತ್ತದೆ, ತೇಪೆ ಬಿಳಚಿಕೊಂಡು ಕಾಣುತ್ತದೆ. ಈ ಕ್ರಮ ತಪ್ಪಿದವರು ತುಂಬಾ ಜನ. ಗೀರನ್ನು ಚೂಪಾದ ಸ್ಕ್ರೇಪರ್‌ನಿಂದ ಸ್ವಲ್ಪ ಅಗಲ ಮಾಡಿ, ಅಂಚು ಇಳಿಜಾರು ಮಾಡಿ. ಕೂದಲೆಳೆಯಂಥ ಸೀಳಿನೊಳಗೆ ಜೆಲ್‌ಕೋಟ್ ಇಳಿಯುವುದೇ ಇಲ್ಲ. ಅಸಿಟೋನಿನಿಂದ ಒರೆಸಿ, ಮೈ ಮಟ್ಟಕ್ಕಿಂತ ಸ್ವಲ್ಪ ಎತ್ತರವಾಗಿ ತುಂಬಿ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ. ನಾರಿನವರೆಗೆ ಹೋದ ದೊಡ್ಡ ಗುಳಿಗೆ ಮೊದಲು ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ಫಿಲ್ಲರ್ ಹಾಕಿ. ಎಪಾಕ್ಸಿ ಅನ್ನುವ ಬೇರೆ ಥರದ ರಾಳದ ಮೇಲೆ ಸಾಧಾರಣ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ.

ಜೆಲ್‌ಕೋಟನ್ನು ಗಟ್ಟಿ ಮಾಡುವ ದ್ರವದ ಹೆಸರು ಎಂಇಕೆಪಿ. ತೂಕದಲ್ಲಿ 1ರಿಂದ 2 ಶೇಕಡ ಸಾಕು, ಅಂದರೆ 50 ಗ್ರಾಮಿಗೆ ಅರ್ಧದಿಂದ 1 ಗ್ರಾಮ್. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಇದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ಮುಚ್ಚಳ ತೆಗೆಯಲೇಬೇಡಿ. ಅಸಿಟೋನಿಗೆ ಬೆರೆಸಬೇಡಿ, ಅದರ ಹತ್ತಿರವೂ ಇಡಬೇಡಿ.

ತೇಪೆ ಒಣಗದೆ ಅಂಟಂಟಾಗಿ ಉಳಿದರೆ ಗಾಬರಿ ಬೇಡ, ಉಗುರಿನಿಂದ ಒತ್ತಿ ನೋಡಿ. ಮೇಲೆ ಮಾತ್ರ ಅಂಟು, ಒಳಗೆ ಗಟ್ಟಿ ಇದ್ದರೆ ಅದು ಗಾಳಿಯ ಕೆಲಸ. ಗಾಳಿ ತಾಗುವ ಕಡೆ ಜೆಲ್‌ಕೋಟ್ ಪೂರ್ತಿ ಗಟ್ಟಿಯಾಗುವುದಿಲ್ಲ. ಅಸಿಟೋನಿನಿಂದ ಒರೆಸಿ ಉಜ್ಜಿದರೆ ಸರಿ. ಮುಂದಿನ ಸಲ ಹಚ್ಚಿದ ಕೂಡಲೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅಥವಾ ವ್ಯಾಕ್ಸ್ ಬೆರೆಸಿದ ಜೆಲ್‌ಕೋಟ್ ತನ್ನಿ. ಒಳಗೂ ಮೆತ್ತಗಿದ್ದರೆ ಎಂಇಕೆಪಿ ಕಡಿಮೆಯಾಗಿದೆ, ಚೆನ್ನಾಗಿ ಕಲಸಿಲ್ಲ, ಇಲ್ಲವೇ ಚಳಿ ಜಾಸ್ತಿ ಇತ್ತು. ಬೆಚ್ಚಗೆ ಮಾಡಿ ಒಂದು ದಿನ ಕಾಯಿರಿ. ಆದರೂ ಗಟ್ಟಿಯಾಗದಿದ್ದರೆ ಪೂರ್ತಿ ಕೆರೆದು ಹೊಸದಾಗಿ ಹಾಕಬೇಕು. ಅದರ ಮೇಲೆ ಇನ್ನೊಂದು ಪದರ ಹಾಕಿ ಮುಚ್ಚಿದರೆ ಎರಡೂ ಎದ್ದು ಬರುತ್ತವೆ.

ಗೀರಿನಂತೆ ಕಾಣುವ ಬಿರುಕು

ಕೂದಲೆಳೆಯಂಥ ಗೆರೆಗಳು ಗುಂಪಾಗಿ ಇದ್ದರೆ ಅವು ಹೊರಗಿನಿಂದ ಬಿದ್ದ ಗೀರಲ್ಲ. ಗೆರೆಗಳ ಆಕಾರ ಕಾರಣವನ್ನು ಹೇಳುತ್ತದೆ. ನಕ್ಷತ್ರದಂತೆ ಅಥವಾ ಉಂಗುರದಂತೆ ಇದ್ದರೆ ಏಟು ಬಿದ್ದಿದೆ. ಬೋಲ್ಟಿನ ತೂತಿನಿಂದ ಹೊರಟಿದ್ದರೆ ಬೋಲ್ಟ್ ಅತಿಯಾಗಿ ಬಿಗಿದಿದ್ದಾರೆ, ಅಥವಾ ಹಗ್ಗ ಕಟ್ಟುವ ಕೊಂಡಿಯ ಹಿಂದೆ ಭಾರ ಹಂಚುವ ಪ್ಲೇಟ್ ಇಲ್ಲ. ಮೂಲೆಗಳಲ್ಲಿ ಸಾಲುಸಾಲಾಗಿ ಇದ್ದರೆ ಆ ಭಾಗ ಬಳುಕುತ್ತಿದೆ. ಡೆಕ್ಕಿನ ಮೇಲೆ ಒಬ್ಬರನ್ನು ನಿಲ್ಲಿಸಿ, ಗೆರೆ ಬಾಯಿ ತೆರೆಯುತ್ತಾ ಅಂತ ನೋಡಿ. ಸುತ್ತ ನಾಣ್ಯದಿಂದ ಮೆಲ್ಲಗೆ ತಟ್ಟಿ. ಟಣ್ ಅನ್ನುವ ಸದ್ದು ಒಂದು ಕಡೆ ಬಂದು ಮೊಂಡಾದರೆ ಒಳಗಿನ ಪದರಗಳು ಬಿಟ್ಟಿರಬಹುದು. ಅದು ಹೊಳಪಿನ ವಿಷಯ ಅಲ್ಲ, ಗಟ್ಟಿತನದ ವಿಷಯ. ಬಳುಕು ನಿಲ್ಲಿಸದೆ ಬಿರುಕು ತುಂಬಿದರೆ ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ.

ನೀರಿನ ಮಟ್ಟದ ಕೆಳಗೆ ಗುಳ್ಳೆಗಳಿದ್ದರೆ ಅಲ್ಲಿಗೆ ಪಾಲಿಶ್ ಮೆಷಿನ್ ತರಲೇಬೇಡಿ. ಕನ್ನಡಕ ಹಾಕಿಕೊಂಡು ಒಂದನ್ನು ಚುಚ್ಚಿ. ಹುಳಿ ವಾಸನೆಯ ದ್ರವ ಬಂದರೆ ನೀರು ಜೆಲ್‌ಕೋಟ್ ದಾಟಿ ಒಳಗೆ ಹೋಗಿದೆ. ಅದನ್ನು ತೆರೆದು, ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿಯಿಂದ ಮುಚ್ಚುವ ದೊಡ್ಡ ಕೆಲಸ ಬೇರೆಯೇ ಇದೆ. ತಳಕ್ಕೆ ಹೊಡೆದ ಪಾಚಿ ತಡೆಯುವ ಪೇಂಟನ್ನು ಒಣದಾಗಿ ಉಜ್ಜಬೇಡಿ, ಆ ಧೂಳು ವಿಷ.

ಮೆಷಿನ್ನೇ ಮಾಡುವ ದೋಷಗಳು

ಎಲ್ಲ ಮುಗಿಸಿ ಬಿಸಿಲಿಗೆ ತಂದಾಗ ಸುಳಿಸುಳಿಯಾದ ಗುರುತುಗಳು ಕಂಡರೆ ಉಣ್ಣೆಯ ಪ್ಯಾಡಿನಲ್ಲೇ ಕೆಲಸ ಮುಗಿಸಿದ್ದೀರಿ ಅಂತ ಅರ್ಥ. ಉಣ್ಣೆ ಕತ್ತರಿಸುವುದಕ್ಕೆ, ಫೋಮ್ ಹೊಳಪಿಗೆ. ನಯವಾದ ಪಾಲಿಶ್ ಹಾಕಿ ಫೋಮ್ ಪ್ಯಾಡಿನಿಂದ ಇನ್ನೊಮ್ಮೆ ಹೋಗಿ. ಕಡು ಬಣ್ಣದ ಬೋಟಿನಲ್ಲಿ ಇದು ಎದ್ದು ಕಾಣುತ್ತದೆ, ಬಿಳಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಪ್ಯಾಡ್ ಎಗರಾಡಿದರೆ, ಕಾಂಪೌಂಡ್ ಉಂಡೆಗಟ್ಟಿದರೆ ಮೈ ಬಿಸಿಯಾಗಿದೆ. ನೇರ ಬಿಸಿಲಲ್ಲಿ ಕೆಲಸ ಮಾಡಬೇಡಿ. ಎರಡು ಅಡಿ ಚೌಕಕ್ಕಿಂತ ಜಾಸ್ತಿ ಜಾಗಕ್ಕೆ ಒಟ್ಟಿಗೆ ಕೈ ಹಾಕಬೇಡಿ. ಅಂಗೈ ಇಟ್ಟರೆ ಆರಾಮಾಗಿ ಇಟ್ಟುಕೊಳ್ಳುವಷ್ಟು ಮಾತ್ರ ಬೆಚ್ಚಗಿರಬೇಕು. ಅಂಚುಗಳಿಗೆ ಟೇಪ್ ಹಚ್ಚಿ, ಅಲ್ಲಿ ಕೊನೆಗೆ ಕೈಯಿಂದಲೇ ಉಜ್ಜಿ. ನನ್ನ ಬೋಟಿನಲ್ಲಿ ನಾರು ಕಂಡಿದ್ದು ಟೇಪ್ ಹಚ್ಚದ ಅಂಚಿನಲ್ಲೇ.

ಹಳೇ ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಅಕ್ಷರದ ನೆರಳು ಉಳಿದರೆ ಅಲ್ಲಿ ಕೊಳೆ ಇಲ್ಲ. ಸ್ಟಿಕ್ಕರ್ ಕೆಳಗಿನ ಬಣ್ಣ ಬಿಸಿಲು ಕಾಣದೆ ಹೊಸದಾಗೇ ಇದೆ, ಸುತ್ತ ಮಾಸಿದೆ. ಸುತ್ತಲಿನ ಆಕ್ಸಿಡೇಶನ್ ತೆಗೆದಾಗ ಬಹುಪಾಲು ಸರಿಹೋಗುತ್ತದೆ. ಪೂರ್ತಿ ಹೋಗಿಸಲು ಹಠ ಹಿಡಿದರೆ ಜೆಲ್‌ಕೋಟ್ ಸುಮ್ನೆ ಖರ್ಚಾಗುತ್ತದೆ. ಆ ಜಾಗಕ್ಕೆ ಹೊಸ ಸ್ಟಿಕ್ಕರ್ ಹಚ್ಚುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಕಾಲು ಜಾರದಂತೆ ಒರಟು ಮಾಡಿದ ಡೆಕ್ಕಿಗೆ ಕಾಂಪೌಂಡೂ ಬೇಡ, ವ್ಯಾಕ್ಸೂ ಬೇಡ. ಬ್ರಷ್ಷು, ಸೋಪು ಸಾಕು.

ವ್ಯಾಕ್ಸ್ ಹಾಕಿದ ಮೇಲೆ

ಆಲ್ಕೋಹಾಲ್ ಪರೀಕ್ಷೆ ದಾಟಿದ ಮೈಗೆ ಮಾತ್ರ ವ್ಯಾಕ್ಸ್ ಅಥವಾ ಪಾಲಿಮರ್ ಸೀಲರ್ ಹಾಕಿ. ಇದು ಹೊಳಪು ಕೊಡುವುದಕ್ಕಿಂತ ಹೆಚ್ಚಾಗಿ ಬಂದ ಹೊಳಪನ್ನು ಬಿಸಿಲಿನಿಂದ ಕಾಯುತ್ತದೆ. ಕಾರ್ನೂಬಾ ವ್ಯಾಕ್ಸ್ ಬಿಸಿಲಲ್ಲಿ ನಿಂತ ಬೋಟಿನ ಮೇಲೆ ಕೆಲವೇ ತಿಂಗಳು ಬಾಳುತ್ತದೆ, ಪಾಲಿಮರ್ ಇನ್ನೂ ಸ್ವಲ್ಪ ಜಾಸ್ತಿ. ದಿನ ಎಣಿಸುವ ಬದಲು ನೀರನ್ನು ಕೇಳಿ. ತೊಳೆದಾಗ ಮಣಿ ನಿಲ್ಲದೆ ನೀರು ಹಾಳೆಯಂತೆ ಹರಡಿದರೆ ಮತ್ತೆ ಹಾಕುವ ಹೊತ್ತಾಗಿದೆ. ಬೋಟು ನಿಲ್ಲಿಸಿದಾಗ ಒಂದು ಹೊದಿಕೆ ಹಾಕಿದರೆ ಅದಕ್ಕಿಂತ ಒಳ್ಳೆಯ ವ್ಯಾಕ್ಸ್ ಇಲ್ಲ.

ನೀಲಿ ಬೋಟಿನ ಆ ಅಂಚಿಗೆ ಜೆಲ್‌ಕೋಟ್ ತೇಪೆ ಹಾಕಿದೆ. ಉಳಿದ ಮೈಗೆ 1000, 1500, 2000 ಕಾಗದ, ಆಮೇಲೆ ಕಾಂಪೌಂಡ್, ಪಾಲಿಶ್, ವ್ಯಾಕ್ಸ್. ಒಂದು ವರ್ಷ ದಾಟಿದೆ, ವ್ಯಾಕ್ಸ್ ಎರಡು ಸಲ ಹೊಸದಾಗಿ ಹಾಕಿದ್ದೇನೆ. ಕಪ್ಪು ಬಟ್ಟೆಯಿಂದ ಉಜ್ಜಿದರೆ ಇನ್ನೂ ಪುಡಿ ಬಂದಿಲ್ಲ. ಬಗ್ಗಿ ನೋಡಿದರೆ ತೇಪೆಯ ಅಂಚು ತೆಳುವಾಗಿ ಕಾಣುತ್ತದೆ. ಅಲ್ಲಿ ಈಗ ಮೆಷಿನ್ ತಾಗಿಸುವುದಿಲ್ಲ.